ಟೀ ವಿರಾಮವನ್ನು ಎರಡು ತಿಂಗಳು ಮೊದಲೇ ಶುರು ಮಾಡಿ

ಸಂಘದ ಸಮ್ಮೇಳನ ಮುಗಿದ ಮೇಲೆ ಸದಸ್ಯರ ಕೈಯಲ್ಲಿ ಅಭಿಪ್ರಾಯದ ಫಾರಂ ತುಂಬಿಸಿಕೊಳ್ಳುತ್ತೇವಲ್ಲ, ಅದನ್ನು ಕೂತು ಓದುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. 'ಏನು ಇಷ್ಟವಾಯಿತು?' ಎಂಬ ಸಾಲಿನ ಮುಂದೆ ಭಾಷಣದ ಹೆಸರು ಬರೆಯುವವರು ಕಡಿಮೆ. 'ನನ್ನ ಥರದ್ದೇ ತೊಂದರೆ ಇರುವ ಇನ್ನೊಬ್ಬರು ಸಿಕ್ಕರು' ಅನ್ನುವ ಮಾತೇ ಜಾಸ್ತಿ. ಅದೂ ಎಲ್ಲಿ ಸಿಕ್ಕರು? ಟೀ ಕಪ್ ಹಿಡಿದು ನಿಂತಿದ್ದಾಗ.

ಅಮೆರಿಕದ ಹ್ಯಾರಿಸನ್ ಓವನ್ ಅವರಿಗೂ 1980ರ ದಶಕದಲ್ಲಿ ಇದೇ ಅನುಭವವಾಯಿತು. ಒಂದು ವರ್ಷ ಕಷ್ಟಪಟ್ಟು ಅವರೊಂದು ಸಮ್ಮೇಳನ ಏರ್ಪಡಿಸಿದರು. ಮುಗಿದ ಮೇಲೆ ನೋಡಿದರೆ ಎಲ್ಲರಿಗೂ ಹಿಡಿಸಿದ್ದು ಕಾಫಿ ವಿರಾಮ, ಅಂದರೆ ಅವರು ಏರ್ಪಡಿಸದೇ ಇದ್ದ ಭಾಗ! ಆಮೇಲೆ 1985ರಲ್ಲಿ, ಬಂದವರೇ ಸೇರಿ ವಿಷಯಗಳನ್ನು ಗೋಡೆಗೆ ಅಂಟಿಸಿ ಕಾರ್ಯಕ್ರಮ ಪಟ್ಟಿ ಮಾಡಿಕೊಳ್ಳುವ 'ಓಪನ್ ಸ್ಪೇಸ್' ಪದ್ಧತಿ ಶುರು ಮಾಡಿದರು.

ಅವರ ಕಾಲದಲ್ಲಿ ಟೀ ವಿರಾಮಕ್ಕೆ ಇಪ್ಪತ್ತು ನಿಮಿಷದ ಮಿತಿಯಿತ್ತು. ಈಗ ಇಲ್ಲ, ಅದೇ ಮಾತುಕತೆಯನ್ನು ಫೋನಿನ ಗ್ರೂಪಿನಲ್ಲಿ ಸಮ್ಮೇಳನಕ್ಕೆ ಎರಡು ತಿಂಗಳು ಮೊದಲೇ ಶುರು ಮಾಡಬಹುದು. ಆದರೂ ಎಷ್ಟೋ ಸಂಘಗಳಲ್ಲಿ ಆಗುವುದೇನು? ಸಮಿತಿಯಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರೋ ಅವರಿಗೆ 'ಫೇಸ್‌ಬುಕ್ ನೀನೇ ನೋಡ್ಕೋ' ಅಂತ ಹೇಳಿಬಿಡುತ್ತಾರೆ. ಅವರು ಪೋಸ್ಟರ್ ಹಾಕುತ್ತಾರೆ, ದಿನಾಂಕ ಹಾಕುತ್ತಾರೆ, ಭಾಷಣಕಾರರ ಫೋಟೋ ಹಾಕುತ್ತಾರೆ. ಲೈಕ್‌ಗಳೂ ಬೀಳುತ್ತವೆ. ಸೂಚನಾ ಫಲಕಕ್ಕೆ ಹಾಕುತ್ತಿದ್ದ ಕಾಗದ ಫೋನಿಗೆ ಬಂತು, ಅಷ್ಟೇ.

ಒಂದು ಸಂಘಕ್ಕೆ ಸಲಹೆ ಕೊಡುತ್ತಿದ್ದಾಗ ನಾವು ಬೇರೆ ದಾರಿ ಹಿಡಿದೆವು. ವಿಷಯಗಳನ್ನು ಪ್ರಕಟಿಸುವ ಮೊದಲು ಸದಸ್ಯರ ಗ್ರೂಪಿನಲ್ಲಿ ಒಂದೇ ಪ್ರಶ್ನೆ ಹಾಕಿದೆವು: 'ಈ ವರ್ಷ ಕೆಲಸದಲ್ಲಿ ನಿಮ್ಮ ನಿದ್ದೆ ಕೆಡಿಸಿದ್ದು ಯಾವುದು?' ಮೊದಲ ದಿನ ಎರಡೇ ಉತ್ತರ. ಅದರಲ್ಲೊಂದು ಹೆಬ್ಬೆರಳಿನ ಚಿತ್ರ. ಕಾರ್ಯದರ್ಶಿಗಳು 'ನೋಡಿ, ನಮ್ಮವರು ಮಾತಾಡಲ್ಲ' ಅಂದುಬಿಟ್ಟರು. ಮರುದಿನ ರಾತ್ರಿ ಹನ್ನೊಂದರ ಸುಮಾರಿಗೆ ಒಬ್ಬ ಸದಸ್ಯೆ ಉದ್ದಕ್ಕೆ ಬರೆದರು. ಅವರ ಚಿಕ್ಕ ಕಚೇರಿಯಲ್ಲಿ ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋದಾಗ ಐದು ವರ್ಷದ ದಾಖಲೆಗಳು ಅಡ್ಡಾದಿಡ್ಡಿಯಾಗಿದ್ದವು. ಕೇಳೋಣ ಅಂದರೆ ಪಕ್ಕದಲ್ಲಿ ಇನ್ನೊಬ್ಬರಿಲ್ಲ. ಬೆಳಗಾಗುವಷ್ಟರಲ್ಲಿ ಅದರ ಕೆಳಗೆ 'ನಮ್ಮಲ್ಲೂ', 'ನಮ್ಮಲ್ಲೂ ಇದೇ ಕಥೆ' ಅಂತ ಸಾಲು ಸಾಲು. ಸಮಿತಿಯ ಪಟ್ಟಿಯಲ್ಲಿ ಆ ವಿಷಯವೇ ಇರಲಿಲ್ಲ! ಕೊನೆಗೆ ಅದೇ ಒಂದು ಗೋಷ್ಠಿಯಾಯಿತು. ಆ ಸದಸ್ಯೆಯನ್ನೇ ವೇದಿಕೆಯ ಮೇಲೆ ಕೂರಿಸಿದೆವು.

ಗ್ರೂಪು ಮೌನವಾಗಿದ್ದರೆ ಹೆದರಬೇಕಿಲ್ಲ. ಜಾಲತಾಣಗಳನ್ನು ಜನ ಹೇಗೆ ಬಳಸುತ್ತಾರೆಂದು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ ಒಂದು ಅಂದಾಜು ಹೇಳಿದ್ದರು: ಇಂಥ ಕಡೆ ನೂರರಲ್ಲಿ 90 ಜನ ಸುಮ್ನೆ ಓದುತ್ತಾರೆ, 9 ಜನ ಆಗೀಗ ಬರೆಯುತ್ತಾರೆ, ಒಬ್ಬರು ಬರೆಯುತ್ತಲೇ ಇರುತ್ತಾರೆ. ಆ ಒಬ್ಬರು ಯಾರೆಂದು ಪ್ರತಿ ಸಂಘದವರಿಗೂ ಗೊತ್ತು, ಹೆಸರು ಬೇಡ. ನಾನು ಮಾಡುವುದಿಷ್ಟು. ಪ್ರಶ್ನೆ ಹಾಕುವ ಹಿಂದಿನ ದಿನ ಐದಾರು ಜನರಿಗೆ ಬೇರೆ ಬೇರೆಯಾಗಿ ಮೆಸೇಜ್ ಮಾಡಿ, 'ನಾಳೆ ಒಂದು ಪ್ರಶ್ನೆ ಹಾಕ್ತೀನಿ, ಮೊದಲು ನೀವು ಎರಡು ಮಾತು ಬರೀತೀರಾ?' ಅಂತ ಕೇಳಿಕೊಳ್ಳುತ್ತೇನೆ. ಖಾಲಿ ಸಭಾಂಗಣದಲ್ಲಿ ಮುಂದಿನ ಸಾಲಿಗೆ ಯಾರೂ ತಾವಾಗಿ ಹೋಗಿ ಕೂರುವುದಿಲ್ಲ, ಅಲ್ವಾ?

ಇನ್ನು ಮೊದಲ ಸಲ ಬರುವವರು. ಅವರನ್ನು ದೂರದಿಂದಲೇ ಗುರುತಿಸಬಹುದು. ಕಂಬದ ಪಕ್ಕ ನಿಂತು, ಏನೂ ಬರದ ಫೋನನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತಿರುತ್ತಾರೆ. ಇವರಿಗಾಗಿಯೇ ನೋಂದಣಿ ಫಾರಂನಲ್ಲಿ ಒಂದು ಸಾಲು ಸೇರಿಸಿ: 'ಯಾವ ವಿಷಯ ಮಾತಾಡಲು ಯಾರಾದರೂ ಸಿಕ್ಕರೆ ಖುಷಿ?' ಉತ್ತರ ಹೊಂದುವ ಆರೇಳು ಜನರನ್ನು, ಅವರ ಒಪ್ಪಿಗೆ ಕೇಳಿ, ಒಂದು ಪುಟ್ಟ ಗ್ರೂಪಿಗೆ ಸೇರಿಸಿ. ಜೊತೆಗೆ ಒಬ್ಬ ಹಳೆಯ ಸದಸ್ಯರೂ ಇರಲಿ. ಎರಡು ತಿಂಗಳಲ್ಲಿ ನಾಲ್ಕು ಮಾತು ಆಡಿದ್ದರೂ ಸಾಕು, ಮೊದಲ ದಿನ ಒಬ್ಬರನ್ನೊಬ್ಬರು ಹುಡುಕಿಕೊಂಡು ಬರುತ್ತಾರೆ. ಬ್ಯಾಡ್ಜ್ ಮೇಲಿನ ಹೆಸರೂ ಗ್ರೂಪಿನ ಹೆಸರೂ ಒಂದೇ ಇರಬೇಕು. ಗ್ರೂಪಿನಲ್ಲಿ ಮಗುವಿನ ಫೋಟೋ, ಅಡ್ಡಹೆಸರು ಇಟ್ಟುಕೊಂಡವರನ್ನು ಹಾಲ್‌ನಲ್ಲಿ ಹೇಗೆ ಗುರುತು ಹಿಡಿಯುವುದು?

ಒಪ್ಪಿಗೆ ಅಂದೆನಲ್ಲ, ಅದಕ್ಕೆ ಕಾರಣವಿದೆ. ವಾಟ್ಸಾಪ್ ಗ್ರೂಪಿಗೆ ಸೇರಿಸಿದರೆ ಅವರ ನಂಬರ್ ಉಳಿದವರಿಗೆಲ್ಲ ಕಾಣಿಸಬಹುದು. ಒಮ್ಮೆ ನಾನೇ ಕೇಳದೆ ಇಡೀ ಪಟ್ಟಿಯನ್ನು ಸೇರಿಸಿ, ಅದೇ ಸಂಜೆ ಇಬ್ಬರು ಮಹಿಳಾ ಸದಸ್ಯರಿಂದ ಸರಿಯಾಗಿ ಬೈಸಿಕೊಂಡೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂದಿನಿಂದ ಲಿಂಕ್ ಕಳಿಸುತ್ತೇನೆ, ಬೇಕಾದವರು ಸೇರುತ್ತಾರೆ. ಸೂಚನೆಗಳಿಗೆ ಅಡ್ಮಿನ್ ಮಾತ್ರ ಬರೆಯುವ ಗ್ರೂಪ್ ಒಂದು, ಮಾತುಕತೆಗೆ ಇನ್ನೊಂದು. ಎರಡನ್ನೂ ಬೆರೆಸಿದರೆ ಸಭಾಂಗಣ ಬದಲಾದ ಸುದ್ದಿ ಶುಭೋದಯದ ಹೂವುಗಳ ಕೆಳಗೆ ಹೂತುಹೋಗುತ್ತದೆ.

ಹ್ಯಾಶ್‌ಟ್ಯಾಗ್ (ಒಂದೇ ವಿಷಯದ ಪೋಸ್ಟ್‌ಗಳನ್ನು ಒಟ್ಟಿಗೆ ಹುಡುಕಲು ಪದದ ಮುಂದೆ ಹಾಕುವ # ಗುರುತು) ಎಂದರೆ ಮೂಗು ಮುರಿಯುವ ಹಿರಿಯರಿಗೆ ನಾನೊಂದು ವಿಷಯ ಹೇಳುವುದುಂಟು. 2007ರ ಆಗಸ್ಟ್ 23ರಂದು ಅಮೆರಿಕದ ತಂತ್ರಜ್ಞ ಕ್ರಿಸ್ ಮೆಸ್ಸಿನಾ ಟ್ವಿಟರ್‌ನಲ್ಲಿ ಈ ಗುರುತನ್ನು ಬಳಸೋಣವೇ ಎಂದು ಕೇಳಿದಾಗ ಕೊಟ್ಟ ಉದಾಹರಣೆ 'ಬಾರ್‌ಕ್ಯಾಂಪ್'. ಅದೂ ಬಂದವರೇ ಕಾರ್ಯಕ್ರಮ ಹೆಣೆದುಕೊಳ್ಳುವ ಒಂದು ಬಗೆಯ ಸಮ್ಮೇಳನವೇ! ಟ್ಯಾಗ್ ಚಿಕ್ಕದಿರಲಿ, ವರ್ಷ ಸೇರಿರಲಿ, ಬೇರೆ ಯಾರೂ ಬಳಸುತ್ತಿಲ್ಲ ಎಂದು ಮೊದಲೇ ಹುಡುಕಿ ನೋಡಿ. ನೀವು ಹೇಳದಿದ್ದರೆ ಜನರೇ ಮೂರು ಬಗೆ ಮಾಡಿಕೊಂಡು ಮೂರು ದಿಕ್ಕಿಗೆ ಹೋಗುತ್ತಾರೆ.

ಪ್ರಶ್ನೋತ್ತರದ ಹೊತ್ತು ಎಲ್ಲ ಸಂಘದಲ್ಲೂ ಒಂದೇ ಥರ. ಮೈಕ್ ಅದೇ ಮೂರು ಜನರ ಕೈಗೆ ಹೋಗುತ್ತದೆ, ಅದರಲ್ಲೊಬ್ಬರು 'ನನ್ನದು ಪ್ರಶ್ನೆಯಲ್ಲ, ಒಂದು ಅನಿಸಿಕೆ' ಎಂದು ಶುರು ಮಾಡುತ್ತಾರೆ. ಪ್ರಶ್ನೆಗಳನ್ನು ಫೋನಿನಲ್ಲಿ ಕಳಿಸಲು ಹೇಳಿ, ಗೋಷ್ಠಿ ನಡೆಸುವವರು ಆರಿಸಿ ಓದಲಿ. ಮೈಕ್ ಹಿಡಿದು ಒಂದು ದಿನವೂ ಎದ್ದು ನಿಲ್ಲದವರ ಪ್ರಶ್ನೆಗಳು ಆಗ ಹೊರಗೆ ಬರುತ್ತವೆ. ಫೋನ್ ಬೇಡ ಎನ್ನುವವರಿಗೆ ಚೀಟಿ ಕೊಟ್ಟರಾಯಿತು. ಆದರೆ ಬರುತ್ತಿರುವ ಮೆಸೇಜ್‌ಗಳನ್ನು ಭಾಷಣಕಾರರ ಬೆನ್ನ ಹಿಂದಿನ ಪರದೆಗೆ ಬಿಡಬೇಡಿ. ಒಮ್ಮೆ ಹಾಗೆ ಬಿಟ್ಟಾಗ ಯಾರೋ ತಮಾಷೆ ಹಾಕಿದರು. ಸಭೆ ಗೊಳ್ಳೆಂದು ನಕ್ಕಿತು. ಪಾಪ, ಭಾಷಣಕಾರರು ತಮ್ಮ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು. 2007ರ ಮಾರ್ಚ್‌ನಲ್ಲಿ ಅಮೆರಿಕದ ಸೌತ್ ಬೈ ಸೌತ್‌ವೆಸ್ಟ್ ಸಮ್ಮೇಳನದಲ್ಲಿ ಟ್ವಿಟರ್‌ನವರು ತಮ್ಮ ದೊಡ್ಡ ಪರದೆಗಳನ್ನು ಇಟ್ಟಿದ್ದು ಜನ ಓಡಾಡುವ ಹಜಾರದಲ್ಲಿ. ಪರದೆಗೆ ಸರಿಯಾದ ಜಾಗ ಅದೇ, ಟೀ ಸಿಗುವ ಕಡೆ.

ಸಮ್ಮೇಳನದ ಕೊನೆಯ ಸಂಜೆ ಗ್ರೂಪಿನಲ್ಲಿ ಧನ್ಯವಾದಗಳ ಮಳೆ ಸುರಿಯುತ್ತದೆ, ಮರುದಿನದಿಂದ ಸ್ಮಶಾನ ಮೌನ. ಎಲ್ಲ ಪ್ರಬಂಧಗಳನ್ನೂ ಒಟ್ಟಿಗೆ ಹಾಕಿಬಿಡುವುದೇ ಇದಕ್ಕೆ ಅರ್ಧ ಕಾರಣ. ವಾರಕ್ಕೊಂದು ಹಾಕಿ, ಬರೆದವರು ಅವತ್ತು ಒಂದು ಗಂಟೆ ಉತ್ತರ ಕೊಡಲು ಸಿಗಲಿ.

ನಾನು ಲೈಕ್ ಎಣಿಸುವುದನ್ನು ಬಿಟ್ಟು ಬಹಳ ದಿನವಾಯಿತು. ಹೋದ ವರ್ಷ ಮೊದಲ ಸಲ ಬಂದವರಲ್ಲಿ ಈ ವರ್ಷ ಎಷ್ಟು ಜನ ಮತ್ತೆ ಬಂದರು ಎಂದು ನೋಂದಣಿ ಪಟ್ಟಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತೇನೆ. ಬರದವರಿಗೆ ಫೋನ್ ಮಾಡಿ ಯಾಕೆಂದು ಕೇಳುತ್ತೇನೆ. ಗ್ರೂಪಿನಲ್ಲಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ.