ವರ್ಷನ್ ಹೆಡರ್ ಸ್ಕ್ರಿಪ್ಟ್ ಹಾಕಿದ ಮೇಲೆ ಬಿಲ್ಡ್ ಯಾಕೆ ಇಷ್ಟು ನಿಧಾನ?

ಪ್ರಶ್ನೆ: ಮಲ್ಪೆಯ ಬೋಟುಗಳ ಮೀನಿನ ಸ್ಟೋರೇಜ್‌ಗೆ ತಾಪಮಾನ ದಾಖಲಿಸುವ ಬೋರ್ಡ್ ಮಾಡುತ್ತೇವೆ. ಟ್ರಾಲಿಂಗ್ ಬಂದ್ ಇರುವ ಜೂನ್, ಜುಲೈಯಲ್ಲಿ ಹೊಸ ಫರ್ಮ್‌ವೇರ್ ಹಾಕುತ್ತೇವೆ. ವರ್ಷನ್ ನಂಬರ್ ಬದಲಿಸಲು ಮರೆಯುತ್ತೇವೆ ಅಂತ, ಗಿಟ್‌ನಿಂದ (ಕೋಡ್ ಬದಲಾವಣೆಗಳ ಇತಿಹಾಸ ಇಡುವ ಸಾಧನ) ನಂಬರ್ ತೆಗೆದು ವರ್ಷನ್.ಎಚ್ ಎಂಬ ಹೆಡರ್ (ಬೇರೆ ಕೋಡ್ ಫೈಲ್‌ಗಳು ಸೇರಿಸಿಕೊಳ್ಳುವ ಫೈಲ್) ಬರೆಯುವ ಶೆಲ್ ಸ್ಕ್ರಿಪ್ಟ್ ಮಾಡಿದೆವು. ಈಗ ಏನೂ ಬದಲಿಸದಿದ್ದರೂ ಮೇಕ್ (ಬಿಲ್ಡ್ ನಡೆಸುವ ಪ್ರೋಗ್ರಾಂ) ಇಡೀ ಪ್ರಾಜೆಕ್ಟ್ ಕಂಪೈಲ್ ಮಾಡುತ್ತದೆ. ಯಾಕೆ?

ಉತ್ತರ: ಮೇಕ್ ಫೈಲಿನ ಒಳಗೆ ಏನಿದೆ ಎಂದು ನೋಡುವುದಿಲ್ಲ. ಅದು ನೋಡುವುದು ಫೈಲ್ ಬದಲಾದ ಸಮಯ ಮಾತ್ರ. ನಿಮ್ಮ ಸ್ಕ್ರಿಪ್ಟ್ ಪ್ರತಿ ಸಲ ವರ್ಷನ್.ಎಚ್ ಅನ್ನು ಹೊಸದಾಗಿ ಬರೆಯುತ್ತದೆ. ಒಳಗಿನ ಅಕ್ಷರ ಅದೇ, ಸಮಯ ಮಾತ್ರ ಹೊಸದು. ಆ ಹೆಡರ್ ಸೇರಿಸಿಕೊಂಡ ಎಲ್ಲ ಫೈಲೂ ಹಳತಾಯಿತು ಎಂದು ಮೇಕ್ ತಿಳಿಯುತ್ತದೆ.

ಪರಿಹಾರ ಸುಲಭ. ಸ್ಕ್ರಿಪ್ಟ್ ಮೊದಲು ಒಂದು ತಾತ್ಕಾಲಿಕ ಫೈಲಿಗೆ ಬರೆಯಲಿ. ಅದನ್ನು ಹಳೆಯ ವರ್ಷನ್.ಎಚ್ ಜೊತೆ 'ಸಿಎಂಪಿ -ಎಸ್' ಕಮಾಂಡ್‌ನಿಂದ ಹೋಲಿಸಿ. ಎರಡೂ ಒಂದೇ ಆದರೆ ತಾತ್ಕಾಲಿಕ ಫೈಲ್ ಅಳಿಸಿ, ಬೇರೆಯಾದರೆ ಮಾತ್ರ 'ಎಂವಿ' ಕಮಾಂಡ್‌ನಿಂದ ಅದನ್ನು ಹಳೆಯದರ ಜಾಗಕ್ಕೆ ಹಾಕಿ. ಮೊದಲ ಸಲ ಹಳೆಯ ಫೈಲೇ ಇಲ್ಲದಿದ್ದರೆ ಸಿಎಂಪಿ ಸೋಲುತ್ತದೆ, ಆಗಲೂ ಎಂವಿ ನಡೆಯುತ್ತದೆ. ಅದಕ್ಕೆ ಬೇರೆ ಕೋಡ್ ಬೇಡ. ಲಿನಕ್ಸ್ ಕರ್ನಲ್‌ನ ಬಿಲ್ಡ್‌ನಲ್ಲೂ 'ಫೈಲ್‌ಚೆಕ್' ಎಂಬ ಹೆಸರಿನಲ್ಲಿ ಇದೇ ಉಪಾಯ ಇದೆ.

ಸ್ಕ್ರಿಪ್ಟ್ ಪ್ರತಿ ಸಲ ಓಡಲೇಬೇಕು ಅಂತ ಹಲವರು ಮೇಕ್‌ಫೈಲ್‌ನಲ್ಲಿ ವರ್ಷನ್.ಎಚ್ ಅನ್ನೇ 'ಫೋನಿ' (ನಿಜವಾದ ಫೈಲ್ ಅಲ್ಲ) ಎಂದು ಘೋಷಿಸುತ್ತಾರೆ. ಹಾಗೆ ಮಾಡಿದರೆ ಮೇಲಿನದ್ದೆಲ್ಲ ನೀರಲ್ಲಿ ಹೋಮ. ಫೋನಿ ಎಂದರೆ ಮೇಕ್‌ಗೆ ಅದು ಯಾವಾಗಲೂ ಬದಲಾದದ್ದೇ. ಅದರ ಬದಲು 'ಫೋರ್ಸ್' ಎಂಬ ಖಾಲಿ ಟಾರ್ಗೆಟ್ (ಮೇಕ್‌ಗೆ ಕೊಡುವ ಗುರಿಯ ಹೆಸರು) ಮಾಡಿ, ವರ್ಷನ್.ಎಚ್ ಅದನ್ನು ಅವಲಂಬಿಸಲಿ. ಸ್ಕ್ರಿಪ್ಟ್ ಓಡುತ್ತದೆ, ಫೈಲ್ ಬದಲಾಗದಿದ್ದರೆ ಮೇಕ್ ಅಲ್ಲಿಗೇ ನಿಲ್ಲುತ್ತದೆ.

ಇಷ್ಟಾದ ಮೇಲೂ ನಿಧಾನ ಇದ್ದರೆ ಹೆಡರ್ ಒಳಗೆ ಬಿಲ್ಡ್ ಆದ ಸಮಯ ಇದೆಯಾ ನೋಡಿ. ಸೆಕೆಂಡ್ ಬದಲಾದಂತೆ ಫೈಲೂ ಬದಲಾಗುತ್ತದೆ ಅಲ್ವಾ? ನನ್ನ ಕೇಳಿದರೆ ಆ ಸಾಲು ಬೇಡವೇ ಬೇಡ. ಕೊನೆಯ ಕಮಿಟ್‌ನ (ಗಿಟ್‌ನಲ್ಲಿ ಉಳಿಸಿದ ಬದಲಾವಣೆ) ದಿನಾಂಕ ಹಾಕಿ, ಅದರಿಂದ ಕೋಡ್ ಯಾವುದೆಂದು ತಿಳಿಯುತ್ತದೆ. ಹೆಡರ್ ಅನ್ನು ಎಲ್ಲ ಕಡೆ ಸೇರಿಸುವ ಬದಲು ವರ್ಷನ್.ಸಿ ಎಂಬ ಒಂದೇ ಫೈಲಿಗೆ ಸೇರಿಸಿ, ಉಳಿದ ಕೋಡ್ ಅಲ್ಲಿನ ಫಂಕ್ಷನ್ ಕರೆಯಲಿ. ಆಗ ಹೊಸ ಕಮಿಟ್‌ನಿಂದ ನಂಬರ್ ಬದಲಾದರೂ, ಅದಕ್ಕಾಗಿ ಕಂಪೈಲ್ ಆಗುವುದು ಒಂದೇ ಫೈಲ್.

ನಂಬರ್‌ಗೆ 'ಗಿಟ್ ಡಿಸ್ಕ್ರೈಬ್ --ಟ್ಯಾಗ್ಸ್ --ಆಲ್ವೇಸ್ --ಡರ್ಟಿ' ಸಾಕು. ಉತ್ತರ ವಿ1.4.2-7-ಜಿ3904175 ಥರ ಬರುತ್ತದೆ. ಅಂದರೆ 1.4.2 ಟ್ಯಾಗ್ (ಕಮಿಟ್‌ಗೆ ಕೊಟ್ಟ ಹೆಸರು) ಆದ ಮೇಲೆ 7 ಕಮಿಟ್ ಆಗಿದೆ. ಜಿ ಎಂದರೆ ಗಿಟ್, ಮುಂದಿನದು ಕಮಿಟ್‌ನ ಗುರುತು. ಕಮಿಟ್ ಮಾಡದ ಬದಲಾವಣೆ ಇದ್ದರೆ ಕೊನೆಗೆ ಡರ್ಟಿ ಸೇರುತ್ತದೆ. ನಿಮಗೆ ಇದೇ ಮುಖ್ಯ. ಆಗಸ್ಟ್‌ನಲ್ಲಿ ಬೋಟು ಕಡಲಿಗಿಳಿದ ಮೇಲೆ ಡರ್ಟಿ ಎಂದು ತೋರಿಸುವ ಬೋರ್ಡ್ ಕೈಕೊಟ್ಟರೆ, ಅದರೊಳಗಿನ ಕೋಡ್ ಯಾವುದೆಂದು ಯಾರಿಗೂ ಹೇಳಲಾಗದು. ಅಂಥ ಬಿಲ್ಡ್ ಅಂಗಳ ದಾಟಬಾರದು. ಗಿಟ್‌ಗೆ ಇನ್ನೂ ಸೇರಿಸದ ಹೊಸ ಫೈಲನ್ನು ಡರ್ಟಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನೆನಪಿರಲಿ.

ಎಲ್ಲ ಬಿಲ್ಡೂ ಡರ್ಟಿ ಎನ್ನುತ್ತಿದೆಯೇ? ಹಾಗಾದರೆ ವರ್ಷನ್.ಎಚ್ ಅನ್ನೇ ಕಮಿಟ್ ಮಾಡಿರುತ್ತೀರಿ. ಸ್ಕ್ರಿಪ್ಟ್ ಅದನ್ನು ಬದಲಿಸುತ್ತದೆ, ಮುಂದಿನ ಸಲ ಗಿಟ್ ಅದನ್ನೇ ಬದಲಾವಣೆ ಎನ್ನುತ್ತದೆ. ರೆಪೊಸಿಟರಿಯಿಂದ ತೆಗೆದು ಗಿಟ್‌ಇಗ್ನೋರ್‌ಗೆ (ಗಿಟ್ ನೋಡಬಾರದ ಫೈಲ್‌ಗಳ ಪಟ್ಟಿ) ಹಾಕಿ. ಹೆಡರ್‌ನಲ್ಲಿ ಖಾಲಿ ಸಾಲು ಬಂದರೆ ಕಾರಣ ಇನ್ನೂ ಚಿಕ್ಕದು: ಶೆಲ್‌ಗೆ # ಎಂದರೆ ಕಾಮೆಂಟ್, ಹಾಗಾಗಿ ಎಕೋ ಮಾಡುವಾಗ #ಡಿಫೈನ್ ಸಾಲನ್ನು ಕೋಟ್ ಒಳಗಿಡಿ. ವಿಂಡೋಸ್ ಬ್ಯಾಚ್ ಫೈಲ್‌ನಲ್ಲಿ ಈ ಕಾಟ ಇಲ್ಲ, ಅಲ್ಲಿ ಹೋಲಿಸಲು ಸಿಎಂಪಿ ಬದಲು 'ಎಫ್‌ಸಿ'.

ಗಿಟ್‌ಹಬ್ ಆಕ್ಷನ್ಸ್‌ನಲ್ಲಿ (ಗಿಟ್‌ಹಬ್‌ನ ಸರ್ವರ್‌ನಲ್ಲೇ ಬಿಲ್ಡ್ ನಡೆಸುವ ಸೇವೆ) ಬಿಲ್ಡ್ ಮಾಡುವುದಾದರೆ ಟ್ಯಾಗ್ ಕಾಣದೆ ಬರೀ ಕಮಿಟ್ ಗುರುತು ಬರಬಹುದು. ಅಲ್ಲಿ ಕೋಡ್ ತರುವ 'ಚೆಕ್‌ಔಟ್' ಏನೂ ಹೇಳದಿದ್ದರೆ ಕೊನೆಯ ಒಂದು ಕಮಿಟ್ ಮಾತ್ರ ತರುತ್ತದೆ. ಅದರ 'ಫೆಚ್-ಡೆಪ್ತ್' ಸೆಟ್ಟಿಂಗ್ ಅನ್ನು 0 ಮಾಡಿದರೆ ಪೂರ್ತಿ ಇತಿಹಾಸವೂ ಟ್ಯಾಗ್‌ಗಳೂ ಬರುತ್ತವೆ.