ಕಲ್ಲುಕಂಬಗಳ ಜಗಳದಲ್ಲಿ ಸಾಕ್ಷಿ ನುಡಿದ ಚಿತ್ರಗಳು

ಉತ್ತರ ಐರ್ಲೆಂಡಿನ ಆಂಟ್ರಿಮ್ ಕರಾವಳಿಯಲ್ಲಿ ಜೈಂಟ್ಸ್ ಕಾಸ್‌ವೇ ಎಂಬ ಜಾಗವಿದೆ. ಸುಮಾರು 40,000 ಕಲ್ಲುಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಹೆಚ್ಚಿನವು ಆರು ಮೂಲೆಯವು, ಐದು ಮತ್ತು ಏಳು ಮೂಲೆಯವೂ ಉಂಟು. ಸ್ಕಾಟ್ಲೆಂಡಿನ ಎದುರಾಳಿಯೊಡನೆ ಕಾದಾಡಲು ಫಿನ್ ಮೆಕೂಲ್ ಎಂಬ ದೈತ್ಯ ಕಡಲಿಗೆ ಹಾಕಿದ ದಾರಿ ಇದು ಎಂದು ಊರಿನ ಕಥೆ. ವಿದ್ವಾಂಸರ ಊಹೆಗಳೂ ಮೊದಮೊದಲು ಇದಕ್ಕಿಂತ ಬಹಳ ಮುಂದೇನೂ ಹೋಗಿರಲಿಲ್ಲ. 1693ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ವರದಿ ತಲುಪಿದಾಗ, ಈ ಕಂಬಗಳನ್ನು ಮನುಷ್ಯರು ಕಡೆದರೋ ಅಥವಾ ಅವು ತಾವಾಗಿಯೇ ಹುಟ್ಟಿದವೋ ಎಂಬುದೇ ಪ್ರಶ್ನೆಯಾಗಿತ್ತು.

ತಕರಾರು ಎಳೆದಾಡಲು ಒಂದು ಕಾರಣ, ನಂಬಬಹುದಾದ ಚಿತ್ರ ಇಲ್ಲದಿದ್ದದ್ದು. ಅಲ್ಲಿಗೆ ಹೋಗಿಬರುವುದು ಆಗಿನ ಕಾಲಕ್ಕೆ ಸುಲಭದ ಮಾತಲ್ಲ. ಹಾಗಾಗಿ ಡಬ್ಲಿನ್ನಿನ ಪಂಡಿತರು ಎಡ್ವಿನ್ ಸ್ಯಾಂಡಿಸ್ ಎಂಬಾತನನ್ನು ಚಿತ್ರ ಬರೆದು ತರಲು ಕಳಿಸಿದರು. ಆತ ತಂದ ನೋಟದಲ್ಲಿ ಕಣ್ಣಿಗೆ ಕಂಡದ್ದರ ಜೊತೆ ಮನಸ್ಸಿಗೆ ತೋಚಿದ್ದೂ ಸೇರಿಕೊಂಡಿತ್ತು. ಇದನ್ನು ಆ ಪಂಡಿತರಲ್ಲೊಬ್ಬರಾದ ಥಾಮಸ್ ಮಾಲಿನ್ಯೂ ಅವರೇ ಆಮೇಲೆ ಆಕ್ಷೇಪಿಸಿದರು.

ಈ ಕೊರತೆ ತುಂಬಿದವಳು ಡಬ್ಲಿನ್ನಿನ ಸುಸಾನಾ ಡ್ರೂರಿ. ಆಕೆಯ ಬದುಕಿನ ಬಗ್ಗೆ ದಾಖಲೆಗಳು ಕಡಿಮೆ; ಅಣ್ಣನೋ ತಮ್ಮನೋ ಆಗಿದ್ದ ಫ್ರಾಂಕ್ಲಿನ್ ಡ್ರೂರಿ ಪುಟ್ಟ ಅಳತೆಯ ವರ್ಣಚಿತ್ರಗಳ ಕಲಾವಿದ ಎಂಬುದಿಷ್ಟು ಗೊತ್ತು. ಆದರೆ ಆಕೆ ಕೆಲಸ ಮಾಡಿದ ಬಗೆಗೆ ಒಳ್ಳೆಯ ಸಾಕ್ಷ್ಯವಿದೆ. 1758ರಲ್ಲಿ ಕಾಸ್‌ವೇ ನೋಡಲು ಹೋದ ಮೇರಿ ಡಿಲೇನಿ ತಮ್ಮ ಪತ್ರದಲ್ಲಿ, ಡ್ರೂರಿ ಅಲ್ಲೇ ಹತ್ತಿರ ಮೂರು ತಿಂಗಳು ತಂಗಿ ಚಿತ್ರಿಸಿದಳೆಂದು ಬರೆದಿದ್ದಾರೆ. ಕಂಬಗಳ ರೂಪ, ಅವುಗಳ ಮೂಲೆಗಳು ಅಚ್ಚಿನ ಚಿತ್ರದಲ್ಲಿ ತುಂಬಾ ಕರಾರುವಾಕ್ಕಾಗಿವೆ, ಆದರೆ ಹುಲ್ಲು ಹೊದ್ದ ಗುಡ್ಡಗಳ ವೈವಿಧ್ಯ ಅದರಲ್ಲಿ ಬಂದಿಲ್ಲ ಎಂದು ಸಣ್ಣ ತಕರಾರನ್ನೂ ಎತ್ತಿದ್ದಾರೆ.

ಹದ ಮಾಡಿದ ತೊಗಲಿನ ಹಾಳೆಯ ಮೇಲೆ ದಪ್ಪ ಜಲವರ್ಣದಲ್ಲಿ ಬರೆದ ಚಿತ್ರಗಳಿವು. ಒಂದು ಪೂರ್ವದ ನೋಟ, ಇನ್ನೊಂದು ಪಶ್ಚಿಮದ್ದು. ಒಂದೊಂದು ಕಂಬವೂ ಇಡಿಯಾಗಿಲ್ಲ, ತುಂಡಿನ ಮೇಲೆ ತುಂಡು ಪೇರಿಸಿದಂತೆ ಅಡ್ಡ ಸಂದುಗಳಿವೆ. ಆ ಸಂದುಗಳನ್ನೂ ಆಕೆ ಬಿಟ್ಟಿಲ್ಲ. ಕಲ್ಲಿನ ಮೇಲೆ ಓಡಾಡುವ ಪ್ರವಾಸಿಗರನ್ನು ಪುಟ್ಟದಾಗಿ ಬರೆದಿರುವುದರಿಂದ ಕಂಬಗಳ ಅಳತೆಯೂ ಅಂದಾಜಿಗೆ ಸಿಗುತ್ತದೆ. 1740ರಲ್ಲಿ ಡಬ್ಲಿನ್ ಸೊಸೈಟಿ ಇವಕ್ಕೆ 25 ಪೌಂಡ್ ಬಹುಮಾನ ಕೊಟ್ಟಿತು.

ಮೂಲಚಿತ್ರ ಯಾರದೋ ಮನೆಯ ಗೋಡೆಯಲ್ಲೇ ಉಳಿದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 1743-44ರಲ್ಲಿ ಲಂಡನ್ನಿನಲ್ಲಿದ್ದ ಫ್ರೆಂಚ್ ಮೂಲದ ಕೆತ್ತನೆಗಾರ ಫ್ರಾಂಸ್ವಾ ವಿವಾರೆ ಅವನ್ನು ತಾಮ್ರದ ತಗಡಿನ ಮೇಲೆ ಕೆತ್ತಿದ. ಬಣ್ಣ ಹೋಯಿತು, ಗೆರೆ ಉಳಿಯಿತು. ವಿಜ್ಞಾನಕ್ಕೆ ಬೇಕಾಗಿದ್ದದ್ದೂ ಗೆರೆಯೇ. ಹೀಗೆ ಒಂದೇ ಚಿತ್ರದ ನೂರಾರು ಅಚ್ಚುಗಳು ಯುರೋಪಿನಲ್ಲಿ ಕೈಯಿಂದ ಕೈಗೆ ಓಡಾಡಿದವು. ನನ್ನ ಮಟ್ಟಿಗೆ ವಿವಾರೆಯ ಪಾಲು ಡ್ರೂರಿಯದಕ್ಕಿಂತ ಕಡಿಮೆಯದಲ್ಲ.

1763ರಲ್ಲಿ ನಿಕೊಲಾ ದೆಮಾರೆ ಎಂಬ ಫ್ರೆಂಚ್ ಅಧಿಕಾರಿ ಓವೆರ್ನ್ ಪ್ರಾಂತ್ಯದ ಪುಯಿ ದ ಡೋಮ್ ಬೆಟ್ಟದ ಬಳಿ ಇಂಥದೇ ಕಂಬಗಳನ್ನು ಕಂಡ. ಅಲ್ಲಿ ಅವು ಹಳೆಯ ಲಾವಾ ಹರಿವಿನ ಭಾಗವೇ ಆಗಿದ್ದವು. ಐರ್ಲೆಂಡಿಗೆ ಎಂದೂ ಕಾಲಿಡದ ದೆಮಾರೆ, ಕಾಸ್‌ವೇ ಕೂಡ ಬೆಂಕಿಯಿಂದ ಹುಟ್ಟಿದ ಕಲ್ಲೇ ಎಂದ. ದಿದೆರೊ ಸಂಪಾದಿಸಿದ ಫ್ರೆಂಚ್ ವಿಶ್ವಕೋಶದ 1768ರ ಚಿತ್ರಸಂಪುಟದಲ್ಲಿ ಡ್ರೂರಿಯ ನೋಟವೂ ಅದರ ಜೊತೆ ಈ ವಾದವೂ ಅಚ್ಚಾದವು.

ಇಂದಿನ ವಿವರಣೆಯೂ ಅದೇ ದಾರಿಯದು. ಸುಮಾರು 6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ನಿಧಾನಕ್ಕೆ ತಣಿಯುತ್ತಾ ಕುಗ್ಗಿ, ಬೇಸಿಗೆಯ ಕೆರೆಯಂಗಳದಂತೆ ಬಿರುಕುಬಿಟ್ಟಿತು; ಬಿರುಕು ಮೇಲಿನಿಂದ ಆಳಕ್ಕೆ ಇಳಿದು ಕಂಬಗಳಾದವು. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಅಲ್ಲಿನ ಕಲ್ಲು ಕಾಸ್‌ವೇಯದರಂತೆ ಬಸಾಲ್ಟ್ ಎಂಬ ಕಪ್ಪು ಲಾವಾ ಕಲ್ಲು ಅಲ್ಲ, ವಯಸ್ಸೂ ಹೆಚ್ಚು, ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ ಅದು. ಆದರೆ ಕಂಬವಾದ ಬಗೆ ಒಂದೇ.

ದೆಮಾರೆಯ ಮಾತಿಗೆ ಎಲ್ಲರೂ ತಲೆದೂಗಲಿಲ್ಲ. ಜರ್ಮನಿಯ ಫ್ರೈಬರ್ಗಿನ ಗಣಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವೆರ್ನರ್, ಬಸಾಲ್ಟ್ ಎಂಬುದು ಆದಿಸಾಗರದ ನೀರಿನಿಂದ ತಳಕ್ಕೆ ಕೂತ ಕಲ್ಲು ಎಂದ. ಅವನ ಶಿಷ್ಯಬಳಗ ದೊಡ್ಡದು. ಕಾಸ್‌ವೇ ಪಕ್ಕದ ಪೋರ್ಟ್‌ರಶ್‌ನಲ್ಲಿ ಪಾದ್ರಿ ವಿಲಿಯಂ ರಿಚರ್ಡ್‌ಸನ್‌ಗೆ ಬಸಾಲ್ಟ್‌ನಂತೆ ಕಾಣುವ ಕಲ್ಲಿನಲ್ಲಿ ಸಮುದ್ರಜೀವಿಗಳ ಪಳೆಯುಳಿಕೆ ಸಿಕ್ಕಾಗ ನೀರಿನ ಪಕ್ಷಕ್ಕೆ ಬಲ ಬಂತು. ಅದು ಬಸಾಲ್ಟ್ ಅಲ್ಲ, ಪಕ್ಕದಲ್ಲಿ ನುಗ್ಗಿದ ಲಾವಾದ ಕಾವಿಗೆ ಬೆಂದು ಗಟ್ಟಿಯಾದ ಜೇಡಿಕಲ್ಲು ಎಂದು ತೀರ್ಮಾನವಾಗುವ ಹೊತ್ತಿಗೆ 19ನೇ ಶತಮಾನ ಕಾಲಿಟ್ಟಿತ್ತು. ನೀರಿನ ಪಕ್ಷದ ಕೊನೆಯ ಗಟ್ಟಿ ಸಾಕ್ಷ್ಯಗಳಲ್ಲಿ ಒಂದು ಹೀಗೆ ಬಿದ್ದುಹೋಯಿತು.