ಕೈಬಾಬ್ ಕಾಡಿನ ಜಿಂಕೆಗಳು ಮತ್ತು ಒಂದು ಕಾನೂನು

ಅಮೆರಿಕದ ಅರಿಜೋನಾದಲ್ಲಿ, ಗ್ರ್ಯಾಂಡ್ ಕ್ಯಾನಿಯನ್ ಕಮರಿಯ ಉತ್ತರಕ್ಕೆ, ಕೈಬಾಬ್ ಎಂಬ ಪ್ರಸ್ಥಭೂಮಿಯಿದೆ. ಅಲ್ಲಿನ ಸರ್ಕಾರಿ ಅರಣ್ಯದೊಳಗೆ ವನ್ಯಪ್ರಾಣಿಗಳಿಗೆ ರಕ್ಷಿತ ತಾಣವೊಂದನ್ನು ಗುರುತಿಸಲು 1906ರ ಜೂನ್‌ನಲ್ಲಿ ಕಾನೂನು ಬಂತು. ನವೆಂಬರ್‌ನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದನ್ನು ಘೋಷಿಸಿದರು. ಒಳಗೆ ಬೇಟೆಯಾಡಿದರೆ ಸಾವಿರ ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಸೆರೆವಾಸ.

ಆ ಕಾಲಕ್ಕೆ ಇದು ಗಟ್ಟಿ ಕಾನೂನೇ. ಆದರೆ ಅದು ಅಭಯ ಕೊಟ್ಟದ್ದು ಮುಖ್ಯವಾಗಿ ಉದ್ದ ಕಿವಿಯ ಮ್ಯೂಲ್ ಜಿಂಕೆಗೆ. ಜಿಂಕೆ ಹೆಚ್ಚಲೆಂದು ಸರ್ಕಾರಿ ಬೇಟೆಗಾರರೇ ನೂರಾರು ಪೂಮಾಗಳನ್ನು (ಬೆಕ್ಕಿನ ಕುಲದ ದೊಡ್ಡ ಬೇಟೆಪ್ರಾಣಿ), ಸಾವಿರಾರು ಕಯೋಟಿಗಳನ್ನು (ತೋಳದ ಕುಲದ ಸಣ್ಣ ಪ್ರಾಣಿ) ಕೊಂದರು. ಅಲ್ಲಿದ್ದ ಕೆಲವೇ ತೋಳಗಳೂ ಉಳಿಯಲಿಲ್ಲ. ಸುಮಾರು 4,000 ಎಂದು ಅಂದಾಜಿಸಿದ್ದ ಜಿಂಕೆಗಳು 1924ರ ಹೊತ್ತಿಗೆ ಮೂವತ್ತು ಸಾವಿರವಾಗಿವೆ ಎಂದರು ಕೆಲವರು. ಲಕ್ಷ ಎಂದರು ಇನ್ನು ಕೆಲವರು. ಜಿಂಕೆ ಹಿಂಗಾಲಿನ ಮೇಲೆ ನಿಂತು ಎಟುಕುವಷ್ಟು ಎತ್ತರದವರೆಗೆ ಮರಗಳಲ್ಲಿ ಸೊಪ್ಪೇ ಇರಲಿಲ್ಲ. ಚಳಿಗಾಲದಲ್ಲಿ ಜಿಂಕೆಗಳು ಹಸಿವಿನಿಂದ ಸತ್ತವು.

ಈ ಎಣಿಕೆಗಳನ್ನು ನಂಬುವುದು ಹೇಗೆ ಎಂದು 1970ರಲ್ಲಿ ವನ್ಯಜೀವಿ ವಿಜ್ಞಾನಿ ಗ್ರೇಮ್ ಕಾಗ್ಲಿ ಪ್ರಶ್ನಿಸಿದರು. ಅದೇ ಅವಧಿಯಲ್ಲಿ ಕುರಿ, ದನಗಳ ಮೇಯಿಸುವಿಕೆ ತಗ್ಗಿದ್ದೂ ಜಿಂಕೆ ಹೆಚ್ಚಲು ಕಾರಣವಿರಬಹುದು ಎಂಬ ಅವರ ಮಾತು ನ್ಯಾಯವಾದದ್ದು. ಅವರ ಪ್ರಶ್ನೆಗೆ ಉತ್ತರದ ಒಂದು ಭಾಗ ಮರಗಳಲ್ಲೇ ಸಿಕ್ಕಿತು. ಆಸ್ಪೆನ್ ಮರ ಬೇರಿನಿಂದ ಹೊಸ ಚಿಗುರು ಎಬ್ಬಿಸುತ್ತದೆ; ಆ ಚಿಗುರೆಂದರೆ ಜಿಂಕೆಗೆ ಬಲು ಪ್ರೀತಿ. ಅರಣ್ಯ ವಿಜ್ಞಾನಿ ಡ್ಯಾನ್ ಬಿಂಕ್ಲಿ ಮತ್ತು ಸಂಗಡಿಗರು ಕಾಂಡದ ಉಂಗುರ ಎಣಿಸಿ ಮರಗಳ ವಯಸ್ಸು ಲೆಕ್ಕ ಹಾಕಿದಾಗ, 1920ರ ದಶಕದಲ್ಲಿ ಹುಟ್ಟಿ ಬೆಳೆದ ಆಸ್ಪೆನ್‌ಗಳು ತೀರಾ ವಿರಳವೆಂದು ಗೊತ್ತಾಯಿತು. ಈ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ನನಗೆ ಇದು ಯಾವ ಎಣಿಕೆಗಿಂತಲೂ ಹೆಚ್ಚು ವಿಶ್ವಾಸಾರ್ಹ ಸಾಕ್ಷಿ.

ಕಾಡು ಉಳಿಯಬೇಕಾದರೆ ಜಿಂಕೆಗಳನ್ನು ಕಡಿಮೆ ಮಾಡಲೇಬೇಕು ಎಂದು ಕೇಂದ್ರದ ಅರಣ್ಯಾಧಿಕಾರಿಗಳು ಹೊರಟಾಗ ಅಡ್ಡ ಬಂದದ್ದು ಇನ್ನೊಂದು ಕಾನೂನು. ನೆಲ ಕೇಂದ್ರದ್ದು, ಬೇಟೆಯ ನಿಯಮ ರಾಜ್ಯದ್ದು! ಕೇಂದ್ರದ ಅನುಮತಿಯಂತೆ ಜಿಂಕೆ ಕೊಂದು ಸಾಗಿಸುತ್ತಿದ್ದವರನ್ನು ಅರಿಜೋನಾ ರಾಜ್ಯ ಬಂಧಿಸಿತು. ರಾಜ್ಯಪಾಲ ಜಾರ್ಜ್ ಹಂಟ್ ವಿರುದ್ಧ ಕೇಂದ್ರ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿತು. 1928ರ ತೀರ್ಪಿನಲ್ಲಿ ನ್ಯಾಯಾಲಯ ನೋಡಿದ್ದು ಎಳೆಯ ಗಿಡ, ಪೊದೆ, ಮೇವಿಗಾದ ಹಾನಿಯನ್ನು. ತನ್ನ ನೆಲವನ್ನು ಕಾಪಾಡಿಕೊಳ್ಳುವ ಅಧಿಕಾರ ಕೇಂದ್ರಕ್ಕಿದೆ, ರಾಜ್ಯದ ಬೇಟೆ ಕಾನೂನು ಅದಕ್ಕೆ ಅಡ್ಡಿಯಾಗದು ಎಂದಿತು. ಜೊತೆಗೊಂದು ಷರತ್ತನ್ನೂ ಹಾಕಿತು: ಹೊರಗೆ ಸಾಗಿಸುವ ಪ್ರತಿಯೊಂದು ಸತ್ತ ಜಿಂಕೆಯ ಮೇಲೂ ಅದನ್ನು ಕೇಂದ್ರದ ರಕ್ಷಿತ ನೆಲದ ಗಡಿಯೊಳಗೆ ಕೊಂದದ್ದು ಎಂಬ ಗುರುತು ಇರಬೇಕು.